ಯೋಪಿ ಕಿತ್ತ ಗಿಡ

ಹೊಗೆಯಲ್ಲ, ಚಳಿ, ಲ್ಯಾಬಿನ ಮೇಜಿನಂಚಿನಿಂದ ಬೆಳ್ಳಗೆ ಇಳಿದು ಡೋರ್ಕಾಸಳ ಮೊಣಕಾಲಿಗೆ ತಾಗುತ್ತಿದೆ, ಪಿಂಗಾಣಿ ಕುಟ್ಟಾಣಿಯಲ್ಲಿ ದ್ರವ ಸಾರಜನಕ ಕುದಿಯುತ್ತಿದೆ, ಪಕ್ಕದ ತಟ್ಟೆಯಲ್ಲಿ ಆ ಗಿಡ, ಅಂಗಿಯ ಗುಂಡಿಯಷ್ಟೇ ದಪ್ಪ, ಬೇಸಿಗೆಯ ಒಣಸಿಪ್ಪೆ ಹೊದ್ದು ಮಲಗಿದೆ, ನೋಡಿದವರು ಸತ್ತಿದೆ ಅನ್ನಬೇಕು — ಅನ್ನಲಿ, ಸತ್ತಿದೆ ಅಂತಲೇ ಹೇಳಿಬಿಡಲೇ, ಪೊಲೀಸರ ಉಗ್ರಾಣದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆವತು ಮಿಕ್ಕವೆಲ್ಲ ಕೊಳೆತುಹೋಗಿವೆಯಲ್ಲ, ಹಾಗೇ ಇದೂ ಹೋಯಿತು ಅಂತ, ಬೆಳಿಗ್ಗೆ ಫೋನಿನಲ್ಲಿ ಅಮ್ಮ ಹೇಳಿದ್ದೂ ಅದೇ, ಕೊಳೀತು ಅಂದ್ಬಿಡೆ, ಒಂದು ಮಾತು, ನಿನ್ ಬಾಯೇನ್ ಸವೆದೋಗುತ್ತಾ, ನಿನ್ ತಮ್ಮ ಕಣೇ ಅವನು, ಜೈಲಿಗ್ ಹಾಕ್ತಾರೆ, ಗಣಿ ಮುಚ್ಚಿದ್ಮೇಲೆ ಅವನಿಗೆ ಯಾರ್ ಕೆಲಸ ಕೊಟ್ರು, ನಿಮ್ ಕೇಪ್‌ಟೌನ್‌ನೋರು ಕೊಟ್ರಾ — ಬೆಟ್ಟದ ಗಿಡ ಕದ್ದು ಕಿತ್ತು ಶೋಕಿಗೆ ಸಾಕುವ ಹೊರದೇಶದವರಿಗೆ ಮಾರುತ್ತಾನೆಂದು ಹಿಡಿದಾಗ ಯೋಪಿ ಪೊಲೀಸರ ಮುಂದೆ ಆಣೆ ಇಟ್ಟನಂತೆ, ಇವೆಲ್ಲ ನರ್ಸರೀವು ಸಾರ್, ಬೀಜ ಹಾಕಿ ಬೆಳೆಸಿದ್ದು, ಬೆಟ್ಟದ್ದಲ್ಲ, ಸುಳ್ಳು ಅವನಿಗೆ ನೀರು ಕುಡಿದಷ್ಟು ಸುಲಭ, ಗಿಡಕ್ಕೆ ಬರುವುದಿಲ್ಲವಲ್ಲ, ಪುಡಿ ಮಾಡಿ ಅದರ ಜೀನೋಮ್ ಓದಿದರೆ ಯಾವ ಬೆಟ್ಟದ್ದೆಂದು ಅದೇ ಹೇಳುತ್ತದೆ, ಹೋಲಿಸಿ ನೋಡಲು ಅದೇ ಬೆಟ್ಟದಿಂದ ಹಿಂದೆ ತಂದ ಮೊದಲ ಗಿಡದ ಓದು ಇದೆ — ಅಯ್ಯೋ, ಆ ಮೊದಲ ಗಿಡ, ಈ ನೆಲದ ಗಿಡಗಳನ್ನೆಲ್ಲ ಓದಿಡುತ್ತೇವೆಂದು ಲ್ಯಾಬಿನ ತಂಡ ನಮ್ಮೂರಿಗೆ ಹೋದಾಗ ದಾರಿ ತೋರಿಸಿದವನು ಯೋಪಿಯೇ, ಬಿಳಿ ಹರಳುಕಲ್ಲಿನ ಸಂದಿಯಿಂದ ಬೇರು ಹರಿಯದಂತೆ ಕಿತ್ತು ಅಂಗೈ ಮೇಲಿಟ್ಟು ಚಾಚಿದ, ತಗೋ ಅಕ್ಕಾ, ನಮ್ ಬೆಟ್ಟದ ಮಗಳು, ಹುಷಾರು, ಮೊದಲ್ನೇ ಸಲ ಊರು ಬಿಡ್ತಾ ಇದಾಳೆ, ಎಲ್ಲರೂ ನಕ್ಕರು, ಫೋಟೊ ತೆಗೆದರು, ಗೋಡೆಯ ಮೇಲೆ ಈಗಲೂ ಇದೆ, ಚಾಚಿದ ಅಂಗೈ, ಅವನು ಕೈಯಾರೆ ಕೊಟ್ಟ ಗಿಡವೇ ಈಗ ಅವನ ಮೇಲೆ ಸಾಕ್ಷಿ.

ಶುರು ಮಾಡಿದ್ಯಾ ಡೋರ್ಕಾಸ್, ಬಾಗಿಲಲ್ಲಿ ನೋಲೀನ್ ಮೇಡಂ, ಲ್ಯಾಬಿನ ಹಿರಿಯರು, ಕಳ್ಳ ಯಾರೆಂದು ಅವರಿಗೆ ತಿಳಿಯದು, ಆರೋಪಿಯ ಹೆಸರು ಲ್ಯಾಬಿಗೆ ಬರುವುದಿಲ್ಲ, ಬೆಟ್ಟದಲ್ಲಿ ಹುಡುಕಿದೋರು ಬರಿಗೈಲಿ ಬಂದ್ರಂತೆ ಕಣಮ್ಮ, ಈ ಜಾತೀಲಿ ಇದೇ ಕೊನೇದು, ಒಂಟಿ ಗಿಡ ಬೀಜನೂ ಕಟ್ಟಲ್ಲ, ಇಷ್ಟು ಚಿಕ್ಕದಲ್ವಾ, ಪರೀಕ್ಷೆಗೆ ಪೂರ್ತಿ ಹಾಕ್ಲೇಬೇಕು, ಅಂದು ಹೊರಟುಹೋದರು — ಒಂದೂ ಉಳಿದಿಲ್ಲ, ಒಂದಾದರೂ ಬಿಡಬಾರದಿತ್ತಾ ಯೋಪಿ, ಬೀಜಕ್ಕೆ ಅಂತ ಎರಡು, ಹಸಿವಿಗೆ ಕಿತ್ತೆ ಅಂದಿದ್ದರೆ ನಿನಗಾಗಿ ಸುಳ್ಳು ಹೇಳುತ್ತಿದ್ದೆ, ದೇವರಾಣೆ ಹೇಳುತ್ತಿದ್ದೆ, ಅಮ್ಮನ ಆಡುಗಳು ಕೂಡ ಬುಡ ಬಿಟ್ಟು ಮೇಯುತ್ತವೆ, ಸಿಟ್ಟಿಗೆ ಕಣ್ಣು ಉರಿಯುತ್ತಿದೆ, ಇಕ್ಕಳ ಯಾವಾಗ ಕೈಗೆ ಬಂತೋ, ಗಿಡ ಕುಟ್ಟಾಣಿಗೆ ಬಿತ್ತು, ಚರ್ರೆಂದಿತು, ಸಿಪ್ಪೆ ಸೀಳಿ ಒಳಗಿನ ಹಸಿರು ಒಮ್ಮೆ ಕಂಡಿತು, ಬದುಕಿತ್ತು, ಬೆಳ್ಳಗಾಯಿತು, ಅಮ್ಮ ಇನ್ನು ಫೋನ್ ಮಾಡುವುದಿಲ್ಲ, ನಾ ಸತ್ತರೂ ಅವಳನ್ನ ಮಣ್ಣಿಗೆ ಕರೆಯಬೇಡಿ ಅನ್ನುತ್ತಾಳೆ, ಕುಟ್ಟುವ ಗುಂಡು ಎತ್ತಿದಳು, ಒತ್ತಿದಳು, ಕಟಕ್ ಎಂದಿತು, ತಿರುಗಿಸು, ಇನ್ನೊಂದು ಸುತ್ತು, ನುಣ್ಣಗಾಗಬೇಕು, ತಗೋ ಅಕ್ಕಾ, ಉಗುರು ತುಂಬ ಮಣ್ಣು, ತಗೋ, ಚಾಚಿದ ಅಂಗೈ, ಅಂಗೈ —