ವಾಣಿಯ ನಕ್ಷತ್ರ, ಅಪ್ಪನ ಶ್ರಾದ್ಧ

ನನ್ನ ಹೆಂಡತಿ ವಾಣಿಗೆ ಎಲ್ಲೋ ಒಂದು ನಕ್ಷತ್ರ ಸಿಡಿದು ಸತ್ತರೆ ಹಬ್ಬ. ಮದುವೆಯಾದ ಹೊಸತರಲ್ಲಿ ಊಟಿಗೆ ಹೊರಟವರು ಮೈಸೂರಿನಿಂದಲೇ ವಾಪಸ್ ಬಂದದ್ದು ಅಂಥದ್ದೊಂದು ಸಾವಿಗಾಗಿ. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಸಿಡಿದಾಗಿನ ಬೆಳಕು ದೂರದರ್ಶಕ ಇರುವ ಎಲ್ಲರಿಗೂ ಕಾಣುತ್ತದೆ. ಖಗೋಳವಿಜ್ಞಾನಿ ವಾಣಿ ಹುಡುಕುವುದು ಆಮೇಲೆ ಬರುವ ರೇಡಿಯೋ ಅಲೆಗಳನ್ನು. ಸಾಯುವ ಮುಂಚೆ ನಕ್ಷತ್ರ ಉಗುಳಿದ ಅನಿಲ ಸುತ್ತ ಹರಡಿರುತ್ತದಂತೆ. ಸಿಡಿತ ಹೋಗಿ ಅದಕ್ಕೆ ಬಡಿದಾಗ ಆ ಅಲೆಗಳು ಏಳುತ್ತವೆ. ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವಳು ನನ್ನ ಅಮ್ಮ ಭಾಗೀರಥಮ್ಮ. ಮಲ್ಲೇಶ್ವರದ ನಮ್ಮ ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಅತ್ತೆ ಸೊಸೆ ಮಾತಾಡುವುದೇ ಇದನ್ನು.

ಎರಡು ವರ್ಷದ ಹಿಂದೆ ಕಂಡ ಒಂದು ಸಿಡಿತದಿಂದ ರೇಡಿಯೋ ಅಲೆ ಬರಲೇ ಇಲ್ಲ. ಬೇರೆ ದೇಶದ ತಂಡಗಳೆಲ್ಲ ಕೈಬಿಟ್ಟವು. ವಾಣಿ ಮಾತ್ರ ಬಂದೇ ಬರುತ್ತದೆ ಎಂದು ಹಟ ಹಿಡಿದಳು. ನಿವೃತ್ತಿ ಹತ್ತಿರ ಬಂದಾಗ, ಪುಣೆ ಬಳಿಯ ರೇಡಿಯೋ ದೂರದರ್ಶಕದಲ್ಲಿ ಅವಳಿಗೆ ಕೊನೆಯ ಸಲ ಸಮಯ ಸಿಕ್ಕಿತು. ಸಿಕ್ಕಿದ್ದು ಸರಿಯಾಗಿ ಅಪ್ಪನ ಶ್ರಾದ್ಧದ ದಿನ.

ಸೊಸೆ ಮಡಿಯಲ್ಲಿ ಅಡಿಗೆ ಮಾಡದ ಶ್ರಾದ್ಧ ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲ. ಅಮ್ಮನಿಗೆ ಹೇಳಲು ವಾಣಿಗೆ ಧೈರ್ಯವಿಲ್ಲ, ನನಗಂತೂ ಇಲ್ಲವೇ ಇಲ್ಲ. "ಬೇಡ ಬಿಡಿ, ನಾನು ಹೋಗಲ್ಲ" ಎಂದು ಅವಳು ಬಿಕ್ಕಿದ್ದು ಅಮ್ಮನಿಗೆ ಕೇಳಿಸಿತು.

"ಹೋಗಿ ಬಾರಮ್ಮ. ಅಡಿಗೆ ನಾನೂ ವರದನೂ ಮಾಡ್ತೀವಿ. ಅರವತ್ತು ದಾಟಿದ ಮೇಲಾದ್ರೂ ಅವನು ವಡೆ ತಟ್ಟೋದು ಕಲೀಲಿ."

ತಟ್ಟಿದೆ. ಮಡಿಪಂಚೆ ಉಟ್ಟು, ಕೈಗೆ ಎಣ್ಣೆ ಸಿಡಿಸಿಕೊಂಡು, ನಕ್ಷತ್ರಗಳನ್ನೆಲ್ಲ ಬೈದುಕೊಂಡು ತಟ್ಟಿದೆ. ಪುರೋಹಿತರು ವಡೆ ನೋಡಿಯೂ ತಿಂದರು, ಪುಣ್ಯಾತ್ಮರು.

ಮಹಡಿಯ ಮೇಲೆ ಪಿಂಡ ಇಟ್ಟು ಕಾದೆವು. ಕಾಗೆ ಬಂದು ಮುಟ್ಟಿದರೆ ಅಪ್ಪನಿಗೆ ತೃಪ್ತಿ. ಅಲ್ಲಿಯವರೆಗೆ ಅಮ್ಮ ಎಲೆ ಮುಂದೆ ಕೂರುವವಳಲ್ಲ. ಮಲ್ಲೇಶ್ವರದಲ್ಲೀಗ ಪಾರಿವಾಳ ಬೇಕಾದಷ್ಟು, ಕಾಗೆಯೇ ಅಪರೂಪ. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

"ಇನ್ನು ಬರಲ್ಲ ಬಿಡಮ್ಮ. ಹಸುಗೆ ಹಾಕೋಣ."

"ಹೋದವರು ನಿನ್ನ ಹೊಟ್ಟೆ ನೋಡ್ಕೊಂಡು ಬರ್ತಾರೇನೋ? ಸುಮ್ನೆ ಕೂತ್ಕೊ."

ಅಷ್ಟರಲ್ಲಿ ವಾಣಿಯ ಫೋನ್. ಹಲೋ ಎಂದರೆ ಆ ಕಡೆ ಬರೀ ಅಳು. ಏನಾಯಿತೇ ಎಂದು ಕೂಗಿದೆ. ಮಡಿಯಲ್ಲಿ ಫೋನ್ ಮುಟ್ಟದ ಅಮ್ಮ ನನ್ನ ಕೈಯಿಂದ ಅದನ್ನು ಕಸಿದುಕೊಂಡಳು.

"ವಾಣೀ, ಕಾಗೆ ಮುಟ್ತಾ?"

"ಮುಟ್ತು ಅತ್ತೆ. ಅಲೆ ಬಂತು, ಬಂದ್ಬಿಡ್ತು!"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಿಂಡ ಇಟ್ಟಲ್ಲೇ ಇತ್ತು, ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ.

"ಏಳೋ ವರದ, ಎಲೆ ಹಾಕು. ನಿಮ್ಮಪ್ಪ ಇವತ್ತು ಅಲ್ಲಿಗೆ ಹೋಗಿದ್ರು."