ಕ್ರೇನಪ್ಪನ ಸೂಪು

ಚಮಚವನ್ನು ಬಾಯಿಂದ ತೆಗೆಯದೆಯೇ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಕ್ರೇನಪ್ಪ ಅದನ್ನು ಮೆಚ್ಚುಗೆ ಎಂದು ತಿಳಿದ.

“ಹೇಗಿದೆ?”

“ಏನೇನು ಹಾಕಿದ್ದೀರಿ ಇದಕ್ಕೆ?”

“ಬೀಟ್‌ರೂಟು, ಎಲೆಕೋಸು, ಆಲೂಗೆಡ್ಡೆ, ಒಂದಿಷ್ಟು ನಿಂಬೆರಸ. ಬಾಳೆಹಣ್ಣು ಮಿಕ್ಕಿತ್ತು, ಅದನ್ನೂ ಹಾಕ್ದೆ.”

“ಬಾಳೆಹಣ್ಣು?”

“ಗಟ್ಟಿ ಬರ್ಲಿ ಅಂತ.”

ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬಷ್ಟು ಮೆಲ್ಲಗೆ ಹೆಂಡತಿ ಚಮಚವನ್ನು ಕೆಳಗಿಟ್ಟಳು. “ಬ್ರೆಡ್ ಇದೆಯಾ ನೋಡಿ” ಎಂದಳು.

ಬಚ್ಚಲಲ್ಲಿ ಜಾರಿಬಿದ್ದು ಅವಳ ಬಲಗೈ ಮುರಿದಿತ್ತು. ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರು. ಅವಳ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಯಾಗಿತ್ತು, ಅಡುಗೆಮನೆ ಗಂಡನ ಪಾಲಾಗಿತ್ತು. ಗಂಡನೋ, ಆಯುಷ್ಯವೆಲ್ಲ ಬಂದರಿನಲ್ಲಿ ಕ್ರೇನ್ ನಡೆಸಿ ಆಗಷ್ಟೇ ನಿವೃತ್ತನಾದವನು. ಆಕಾಶಕ್ಕೆ ನೇತುಹಾಕಿದಂಥ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು, ಕೆಳಗಿನವರ ಕೈಸನ್ನೆ ನೋಡಿಕೊಂಡು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹಡಗಿನಿಂದ ಎತ್ತಿ ಇಳಿಸಿದವನು. ಒಂದು ಪೆಟ್ಟಿಗೆಯನ್ನೂ ಬೀಳಿಸಿರಲಿಲ್ಲ. ಆ ಅಭಿಮಾನವನ್ನು ಹೊತ್ತುಕೊಂಡೇ ಅವನು ಒಲೆಯ ಮುಂದೆ ಬಂದು ನಿಂತಿದ್ದ. ಉಪ್ಪನ್ನು ಕೂಡ ತೋಳು ಚಾಚಿ ಮೇಲಿನಿಂದಲೇ ಇಳಿಬಿಡುತ್ತಿದ್ದ.

“ನಿಂಗೆ ಹೊಟ್ಟೆಕಿಚ್ಚು” ಎಂದ ಕ್ರೇನಪ್ಪ. “ನಾನೂ ಅಡುಗೆ ಕಲಿತುಬಿಟ್ಟೆ ಅಂತ.”

“ಹೊಟ್ಟೆಕಿಚ್ಚಲ್ಲ, ಹೊಟ್ಟೆನೋವು.”

“ನಾಲ್ಕು ಜನಕ್ಕೆ ಕೊಟ್ಟು ಕೇಳ್ತೀನಿ ಇರು. ಅವರೇ ಹೇಳ್ಲಿ.”

“ನೆರೆಹೊರೆಯವರು ಯಾವತ್ತಾದ್ರೂ ನಿಜ ಹೇಳ್ತಾರೇನ್ರಿ?” ಎಂದು ಅವಳು ಎಡಗೈಯಲ್ಲಿ ಬ್ರೆಡ್ ಮುರಿಯತೊಡಗಿದಳು.

ಕ್ರೇನಪ್ಪ ಹಟಕ್ಕೆ ಬಿದ್ದ. ಸೂಪನ್ನು ಮುಚ್ಚಳದ ಡಬ್ಬಿಗಳಿಗೆ ತುಂಬಿ, ಟ್ರೇಯಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಅವರದು ಮೇಲಿನ ಮಹಡಿ. ಕೆಳಗೆ ಮಹಡಿಗೊಂದರಂತೆ ಮೂರು ಮನೆ. ಅಲ್ಲಿ ಸೇರಿಕೊಂಡು ಎಷ್ಟೋ ಕಾಲವಾಗಿದ್ದರೂ ಯಾರ ಮನೆಯೊಳಗೆ ಯಾವ ಬಣ್ಣ ಬಳಿದಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಎದುರಾದರೆ ಇಬ್ಬರಿಗೂ ಏಕಕಾಲಕ್ಕೆ ಜೇಬಿನಲ್ಲಿ ಬೀಗದಕೈ ಹುಡುಕುವ ಕೆಲಸ ಬರುತ್ತಿತ್ತು. ಅವನಿಗೆ ಕ್ರೇನಪ್ಪ ಎಂದು ಹೆಸರಿಟ್ಟವರು ಯಾರು ಎಂಬುದೂ ಅವನಿಗೆ ತಿಳಿಯದು. ಕೆಳಗಿನ ಟಪಾಲು ಪೆಟ್ಟಿಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಹಾಗೆ ಬರೆದಿದ್ದರು, ಇವನು ಅಳಿಸಿರಲಿಲ್ಲ.

ಮೂರನೇ ಮಹಡಿಯಲ್ಲಿ ನರ್ಸೊಬ್ಬಳು ಅತ್ತೆಯೊಂದಿಗಿದ್ದಳು. ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದು, ಕಣ್ಣರಳಿಸಿ, ಡಬ್ಬಿ ತೆಗೆದುಕೊಂಡಳು. ಎರಡನೇ ಮಹಡಿಯ ವಿಮೆ ಏಜೆಂಟನ ತಲೆ ಪೂರ್ತಿ ಬೋಳು, ನಾಲಗೆ ಪೂರ್ತಿ ಬೆಣ್ಣೆ. “ಅಯ್ಯೋ, ಯಾಕೆ ಸಾರ್ ತೊಂದ್ರೆ ತಗೊಂಡ್ರಿ!” ಎಂದ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬಳೇ. ಅವಳಿಗೂ ಏಜೆಂಟನಿಗೂ ಮಾತು ನಿಂತು ಯಾವ ಕಾಲವೋ ಆಗಿತ್ತು. ಅವನ ಹೂಕುಂಡದ ಕೆಸರು ನೀರು ಒಮ್ಮೆ ಅವಳು ಒಣಹಾಕಿದ್ದ ಬಿಳಿ ಕೋಟಿನ ಮೇಲೆ ತೊಟ್ಟಿಕ್ಕಿದ್ದೇ ಕಾರಣ. ಅವಳು ಡಬ್ಬಿಯ ಮುಚ್ಚಳ ತೆಗೆದು, ರೋಗಿಯ ಬಾಯೊಳಗೆ ಇಣುಕುವಂತೆ ಇಣುಕಿ, “ಹ್ಞೂಂ” ಎಂದಳು.

ಮರುದಿನ ಡಬ್ಬಿಗಳು ಫಳಫಳ ಹೊಳೆಯುತ್ತ ವಾಪಸಾದವು.

“ಜನ್ಮದಲ್ಲಿ ಇಂಥ ಸೂಪು ಕುಡಿದಿಲ್ಲ ಸಾರ್” ಎಂದ ಏಜೆಂಟ.

“ಎಷ್ಟು ಉಜ್ಜಿದ್ರೂ ಬಾಯಿಂದ ರುಚಿ ಹೋಗ್ಲೇ ಇಲ್ಲ” ಎಂದಳು ಡಾಕ್ಟರಮ್ಮ.

“ನಮ್ಮತ್ತೆ ಒಂದು ಚಮಚ ಬಾಯಿಗಿಟ್ಟು ಮಾತೇ ನಿಲ್ಲಿಸಿಬಿಟ್ರು” ಎಂದಳು ನರ್ಸು.

ಒಂದೂ ಸುಳ್ಳಲ್ಲ. ಕ್ರೇನಪ್ಪ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು ಈ ಮಾತುಗಳನ್ನೆಲ್ಲ ಹೆಂಡತಿಯ ಮುಂದೆ ಸುರಿದ. ಅವಳು ಬೆನ್ನು ಕೆರೆದುಕೊಳ್ಳುವ ಕೋಲನ್ನು ಪ್ಲಾಸ್ಟರಿನೊಳಗೆ ತೂರಿಸುತ್ತ, “ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋದು ಕೇಳಿದ್ದೆ. ಹೆಗ್ಗಣ ಪಕ್ಕದ ಮನೆಯವರಿಗೂ ಮುದ್ದಾಗೋದು ಇದೇ ಮೊದಲು” ಎಂದಳು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ದಿನ ಬಿಟ್ಟು ದಿನ ಸೂಪು. ಪಾತ್ರೆ ಚಿಕ್ಕದಾಯಿತೆಂದು ಹಗ್ಗ ಕಟ್ಟಿ ಅಟ್ಟದ ಮೇಲಿದ್ದ ದೊಡ್ಡ ಹಂಡೆಯನ್ನೇ ಇಳಿಸಿದ. ಒಮ್ಮೆ ಹಾಗಲಕಾಯಿ ಸೇರಿಸಿದ, ಒಮ್ಮೆ ಜೇನುತುಪ್ಪ, ಒಮ್ಮೆ ಎರಡನ್ನೂ. ಬೀಟ್‌ರೂಟನ್ನು ಮಾತ್ರ ಬಿಡಲಿಲ್ಲ, ಅದಿಲ್ಲದಿದ್ದರೆ ಸೂಪಿಗೆ ಕಳೆಯೇ ಇಲ್ಲವೆಂದು ಅವನ ವಾದ.

ಸೂಪು ನಿಜಕ್ಕೂ ಕೆಲಸ ಮಾಡುತ್ತಿತ್ತು. ಏಜೆಂಟ ಡಾಕ್ಟರಮ್ಮನಿಗೆ ಬಾಗಿಲು ಹಿಡಿದು ನಿಂತದ್ದನ್ನು ಕ್ರೇನಪ್ಪ ಕಣ್ಣಾರೆ ಕಂಡ. ಹೂಕುಂಡಗಳ ಕೆಳಗೆ ತಟ್ಟೆಗಳು ಬಂದಿದ್ದವು. ನರ್ಸಿನ ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಡಾಕ್ಟರಮ್ಮ ಬಂದು ತೋಳು ಕೊಟ್ಟಳು. ಮುದುಕಿ ಅದೇನೋ ಹೇಳಿ, ಡಾಕ್ಟರಮ್ಮ ಹಲ್ಲೆಲ್ಲ ಕಾಣುವಂತೆ ನಕ್ಕಳು. ಅವಳಿಗೆ ಹಲ್ಲಿದೆ ಎಂಬುದೇ ಆವರೆಗೆ ಕಟ್ಟಡದಲ್ಲಿ ಯಾರಿಗೂ ಖಾತ್ರಿಯಿರಲಿಲ್ಲ.

“ನೋಡಿದ್ಯಾ? ಒಂದು ಡಬ್ಬಿ ಸೂಪು ಮನುಷ್ಯರನ್ನ ಹೇಗೆ ಹತ್ತಿರ ತರುತ್ತೆ!” ಎಂದು ಕ್ರೇನಪ್ಪ ಎದೆಯುಬ್ಬಿಸಿದ.

ಶನಿವಾರ ಸಂಜೆ ಡಬ್ಬಿ ಹಂಚಿ ಬಂದವನು ಬೆವರೊರೆಸಿಕೊಳ್ಳುತ್ತ ಕಿಟಕಿಯ ಬಳಿ ನಿಂತ. ಮೇಲಿನಿಂದ ಕೆಳಗೆ ನೋಡುವುದು ಅವನ ಹಳೆಯ ಚಟ. ಹಿತ್ತಲಿನಲ್ಲಿ ಕಸದ ಡ್ರಮ್ಮಿನ ಸುತ್ತ ನಾಲ್ಕು ತಲೆಗಳು ಸೇರಿದ್ದವು. ಬೋಳುತಲೆ ಏಜೆಂಟನದು, ಗಂಟುಕಟ್ಟಿದ್ದು ಡಾಕ್ಟರಮ್ಮನದು, ಬೆಳ್ಳಿಕೂದಲು ಮುದುಕಿಯದು, ಜಡೆ ನರ್ಸಿನದು. ಮುದುಕಿಗೆ ಬೋರಲಿಟ್ಟ ಬಕೆಟ್ಟೇ ಪೀಠ. ಏಜೆಂಟ ಯಾರನ್ನೋ ಅನುಕರಿಸುತ್ತ ತೋಳು ಚಾಚಿ ಆಕಾಶದಿಂದ ಉಪ್ಪು ಉದುರಿಸುವ ಅಭಿನಯ ಮಾಡಿದ. ನಾಲ್ಕೂ ತಲೆಗಳು ಹಿಂದಕ್ಕೆ ವಾಲಿ ನಕ್ಕವು. ಅಡುಗೆಮನೆಯ ಕಿಟಕಿಗೆ ಪರದೆಯಿಲ್ಲ ಎಂಬುದು ಕ್ರೇನಪ್ಪನಿಗೆ ಆಗ ನೆನಪಾಯಿತು. ಆದರೂ ಅವನಿಗೆ ಖುಷಿಯೇ ಆಯಿತು. ತನ್ನಿಂದ ಸೇರಿದ ಜನ, ತನ್ನನ್ನು ನೆನೆದು ನಗಲಿ ಎಂದುಕೊಂಡ.

ಆಗ ಡಾಕ್ಟರಮ್ಮ ಡ್ರಮ್ಮಿನ ಮುಚ್ಚಳ ಎತ್ತಿದಳು. ಒಬ್ಬರಾದ ಮೇಲೊಬ್ಬರು, ಬಲು ಕ್ರಮವಾಗಿ, ಡಬ್ಬಿ ಬಗ್ಗಿಸಿದರು. ನಾಲ್ಕು ಮಹಡಿ ಮೇಲಿನಿಂದಲೂ ಆ ಕೆಂಪು ಬಣ್ಣ ಗುರುತು ಹತ್ತುವಂತಿತ್ತು. ಎಲ್ಲಿಂದಲೋ ಬಂದ ಬೆಕ್ಕು ಕೆಳಗೆ ಚೆಲ್ಲಿದ ತೊಟ್ಟನ್ನು ಮೂಸಿತು. ಕಾಲು ಒದರಿ, ತಿರುಗಿ ನೋಡದೆ ಹೋಯಿತು.

ಜನ ಚೆಲ್ಲಿದ್ದನ್ನು ಸಹಿಸಬಹುದಿತ್ತೇನೋ. ಆ ಬೆಕ್ಕು ಅವನಿಗೆ ಬಹಳ ನೋವು ಮಾಡಿತು.

ಮರುದಿನ ಕ್ರೇನಪ್ಪ ಒಲೆ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಅಂಗಡಿಯಿಂದ ಬ್ರೆಡ್ಡು, ಮೊಟ್ಟೆ ತಂದು ಮುಂದಿಟ್ಟು, ಗೋಡೆ ನೋಡಿಕೊಂಡು ಕೂತ. ಹಂಡೆ ಬೋರಲು ಬಿದ್ದಿತ್ತು.

“ಏನಾಯ್ತ್ರೀ?” ಎಂದಳು ಹೆಂಡತಿ.

“ಏನಿಲ್ಲ. ಬೀಟ್‌ರೂಟು ಸಿಗ್ತಿಲ್ಲ.”

ಮಾರುಕಟ್ಟೆಯಲ್ಲಿ ಬೀಟ್‌ರೂಟು ಗುಡ್ಡೆ ಬಿದ್ದಿರುವುದು ಅವಳಿಗೆ ಗೊತ್ತಿತ್ತು. ಆದರೆ ಗಂಡನ ಮುಖ ನೋಡಿ ಬ್ರೆಡ್ಡು ಮುರಿದುಕೊಂಡಳು. ಎಷ್ಟು ಬೇಡಿಕೊಂಡರೂ ನಿಲ್ಲದ ಸೂಪು ನಿಂತುಹೋಗಿತ್ತು, ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ರಾಗ ತಪ್ಪಾಗಿಯೇ ಹಾಡಿಕೊಂಡು ತರಕಾರಿ ಹೆಚ್ಚುತ್ತಿದ್ದ ಮನುಷ್ಯ ಈಗ ಚಪ್ಪಲಿಯ ಸದ್ದೂ ಮಾಡದೆ ಓಡಾಡುತ್ತಿದ್ದ.

ವಾರ ಕಳೆಯಿತು. ಭಾನುವಾರ ಬೆಳಗ್ಗೆ ಬಾಗಿಲು ಬಡಿದದ್ದು ಏಜೆಂಟ.

“ಹುಷಾರಾಗಿದ್ದೀರಾ ತಾನೇ ಸಾರ್? ಸೂಪು ಬರ್ಲಿಲ್ಲ, ಅದಕ್ಕೆ ಗಾಬರಿಯಾಯ್ತು.”

ಅವನ ಬೆನ್ನ ಹಿಂದೆ ಡಾಕ್ಟರಮ್ಮ ಕಾಣಿಸಿಕೊಂಡಳು. “ನಾನೂ ಅದೇ ಕೇಳೋಣ ಅಂತ ಬಂದೆ.” ಅವಳ ಹಿಂದೆ, ಸೊಸೆಯ ತೋಳು ಹಿಡಿದು ಏದುಸಿರು ಬಿಡುತ್ತ ಮುದುಕಿ.

ಕ್ರೇನಪ್ಪ ಬಾಗಿಲಿಗೆ ಅಡ್ಡ ನಿಂತ. “ಯಾಕೆ, ಕಸದ ಡ್ರಮ್ಮಿಗೆ ಹಸಿವಾಯ್ತಾ?”

ಏಜೆಂಟನ ಬೋಳುತಲೆ ಹಣೆಯಿಂದ ಆರಂಭವಾಗಿ ಹಿಂದಿನವರೆಗೂ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬಾಳೆಲ್ಲ ಮಾತು ಮಾರಿಯೇ ಅನ್ನ ತಿಂದವನು ಜೇಬಿನಲ್ಲಿ ಬೀಗದಕೈ ಹುಡುಕತೊಡಗಿದ. ಡಾಕ್ಟರಮ್ಮ ಕಾಲಬೆರಳು ನೋಡಿಕೊಂಡಳು.

“ನಾನು ಮೊದಲೇ ಹೇಳೋಣ ಅಂದೆ” ಎಂದಳು ಮುದುಕಿ. “ಇವಳು ಬಾಯಿ ಮುಚ್ಚಿಸಿದ್ಲು. ನೋಡಪ್ಪ, ನಿನ್ನ ಸೂಪು ಬಾಯಿಗಿಡೋ ಹಾಗಿರ್ಲಿಲ್ಲ. ದೇವರಾಣೆ ಇರ್ಲಿಲ್ಲ. ಆದ್ರೆ ಚೆಲ್ಲೋಕೆ ಅಂತ ಹೋದ್ರೆ ಅಲ್ಲಿ ಇವರೆಲ್ಲ ಸಿಕ್ಕೋರು. ಮೊದಲ ದಿನ ಎಲ್ರೂ ಡಬ್ಬಿ ಸೆರಗಲ್ಲಿ, ಕೋಟಲ್ಲಿ ಮುಚ್ಚಿಟ್ಕೊಂಡು ಕಳ್ಳರ ಹಾಗೆ ನಿಂತಿದ್ವಿ. ಆಮೇಲೆ ನಗು ಬಂತು. ಸೊಸೆ ಡ್ಯೂಟಿಗೆ ಹೋದ್ರೆ ನಾನು ದಿನವೆಲ್ಲ ಯಾರ ಹತ್ರ ಮಾತಾಡ್ಲಿ? ಗಡಿಯಾರದ ಹತ್ರವಾ? ಈ ವಾರ ಎರಡು ಸಲ ಖಾಲಿ ಡಬ್ಬಿ ಹಿಡ್ಕೊಂಡು ಕೆಳಗಿಳಿದೆ. ಯಾರೂ ಬರ್ಲಿಲ್ಲ.”

“ನಾನು ಬಂದಿದ್ದೆ” ಎಂದಳು ಡಾಕ್ಟರಮ್ಮ ಮೆಲ್ಲಗೆ. “ನೀವು ಹೋದ ಮೇಲೆ ಅನ್ಸುತ್ತೆ.”

“ನಾನೂ...” ಎಂದ ಏಜೆಂಟ.

ಕ್ರೇನಪ್ಪನಿಗೆ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಪ್ಲಾಸ್ಟರಿನ ಕೈಯನ್ನು ಗದೆಯಂತೆ ಎತ್ತಿ ಹಿಡಿದಿದ್ದಳು. ಈಗ ನಗುತ್ತಾಳೆ, ನಾನಂದದ್ದೇ ನಿಜವಾಯಿತು ಎನ್ನುತ್ತಾಳೆ ಎಂದು ಅವನು ತಲೆ ತಗ್ಗಿಸಿದ.

“ಚೆಲ್ಲಿದ್ರಾ?” ಎಂದಳು ಅವಳು. “ನನ್ನ ಗಂಡ ಬೆಳಗ್ಗೆಯಿಂದ ನಿಂತು, ಬೆರಳು ಕುಯ್ದುಕೊಂಡು, ನಿಮಗೆ ಅಂತ ಬಿಸಿಬಿಸಿ ಮಾಡಿ ತಂದುಕೊಟ್ರೆ ಡ್ರಮ್ಮಿಗೆ ಚೆಲ್ಲಿದ್ರಾ?”

“ಅಮ್ಮಾ, ಅದು ರುಚಿ ಸ್ವಲ್ಪ...” ಎಂದು ಏಜೆಂಟ ಬಾಯಿ ತೆರೆದ.

“ರುಚಿ ಕೆಟ್ಟದಾಗಿತ್ತು, ನನಗೆ ಗೊತ್ತಿಲ್ವಾ? ಕೊಚ್ಚೆ ಹಾಗಿತ್ತು! ಆದ್ರೆ ಈ ಮನುಷ್ಯನ ಅಡುಗೆ ಬೈಯೋ ಹಕ್ಕು ನನಗೊಬ್ಬಳಿಗೇ. ನಾನು ಕಟ್ಟಿಕೊಂಡವಳು. ನೀವ್ಯಾರು?”

ಕ್ರೇನಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಇಂಥ ಮಾತನ್ನು ಮದುವೆಯಾದಂದಿನಿಂದ ಕೇಳಿರಲಿಲ್ಲ.

“ಒಳಗೆ ಬನ್ನಿ ಎಲ್ರೂ” ಎಂದಳು ಅವಳು. “ಇವತ್ತು ಇಲ್ಲೇ ಮಾಡಬೇಕು, ಇಲ್ಲೇ ತಿನ್ನಬೇಕು, ಒಬ್ಬರ ಎದುರಿಗೊಬ್ಬರು ಕೂತು. ನಾನೂ ನೋಡ್ತೀನಿ ಯಾರು ಎಲ್ಲಿ ಚೆಲ್ತೀರಿ ಅಂತ. ಕುರ್ಚಿ ಮಾತ್ರ ನೀವೇ ತರಬೇಕು, ನಮ್ಮನೆಯಲ್ಲಿರೋದು ಎರಡೇ.”

ಅವರು ಮರುಮಾತಾಡದೆ ಹೋಗಿ ಕುರ್ಚಿ ಹೊತ್ತು ತಂದರು. ಏಜೆಂಟನದು ಗಾಲಿಯಿರುವ ಆಫೀಸು ಕುರ್ಚಿ, ನರ್ಸಿನದು ಮಡಚುವ ಕಬ್ಬಿಣದ್ದು. ಮುದುಕಿಯ ಬೆತ್ತದ ಆರಾಮಕುರ್ಚಿಯನ್ನು ಏಜೆಂಟ ತಲೆಯ ಮೇಲೆ ಹೊತ್ತ. ಡಾಕ್ಟರಮ್ಮ ಕ್ಲಿನಿಕ್ಕಿನ ಉರುಟು ಸ್ಟೂಲನ್ನು ಬಗಲಲ್ಲಿಟ್ಟುಕೊಂಡು ಬಂದಳು.

ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾರದ ಅಡುಗೆಮನೆಯಲ್ಲಿ ಐವರು ತುಂಬಿಕೊಂಡರು. ಹೆಂಡತಿ ಬಾಗಿಲಲ್ಲಿ ಕೂತು ಎಡಗೈ ತೋರಿಸಿ ಅಪ್ಪಣೆ ಕೊಡುತ್ತಿದ್ದಳು. ಡಾಕ್ಟರಮ್ಮ ಕ್ಯಾರೆಟ್ಟಿನ ಸಿಪ್ಪೆಯನ್ನು ಅದಕ್ಕೆ ನೋವಾಗದಂತೆ ತೆಗೆದಳು. ಏಜೆಂಟ ಈರುಳ್ಳಿ ಹೆಚ್ಚುತ್ತ ಭೋರೆಂದು ಅತ್ತ. ಮುದುಕಿ, “ಉಪ್ಪಿನ ಡಬ್ಬಿ ಇತ್ತ ಕೊಡು, ಮೊದಲು ಅದನ್ನ ಅವನ ಕೈಯಿಂದ ಕಿತ್ಕೋ” ಎಂದಳು. ಕೊಟ್ಟರೆ ತಾನೇ ಎರಡು ಸಲ ಹಾಕಿದಳು, ಹಾಕಿದ್ದು ಮರೆತು. ನರ್ಸು ಆಸ್ಪತ್ರೆಯ ಕಥೆ ಹೇಳುತ್ತಿದ್ದುದರಲ್ಲಿ ಎಲ್ಲರೂ ಮೈಮರೆತು, ಹಂಡೆಯ ತಳ ಹತ್ತಿದ ವಾಸನೆ ಬಂದಾಗಲೇ ಎಚ್ಚೆತ್ತದ್ದು.

ಬಡಿಸಿಕೊಂಡು ಕೂತರು. ಎಲ್ಲರೂ ಚಮಚ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಮುದುಕಿಯೇ ಬಾಯಿಗಿಟ್ಟಳು.

“ಹೇಗಿದೆ?” ಎಂದ ಕ್ರೇನಪ್ಪ, ಬಾಯಿ ತಪ್ಪಿ.

ಮುದುಕಿ ತುಟಿ ಚಪ್ಪರಿಸಿದಳು. “ಸುಟ್ಟಿದೆ. ಉಪ್ಪು ಜಾಸ್ತಿ. ಹಾಕು ಇನ್ನೊಂದು ಸೌಟು.”

ಆ ಮೇಲೆ ಶುರುವಾದ ಗಲಾಟೆ ಮಧ್ಯಾಹ್ನ ಇಳಿಯುವವರೆಗೂ ನಿಲ್ಲಲಿಲ್ಲ. ಹೂಕುಂಡದ ಜಗಳವನ್ನು ಏಜೆಂಟನೂ ಡಾಕ್ಟರಮ್ಮನೂ ಮೊದಲಿನಿಂದ ಇನ್ನೊಮ್ಮೆ ಆಡಿ ತೋರಿಸಿದರು. ಗಾಳಿ ಬಂದಾಗ ಕ್ರೇನಿನ ಗೂಡು ಹೇಗೆ ತೂಗುತ್ತಿತ್ತು ಎಂಬುದನ್ನು ಕ್ರೇನಪ್ಪ ಗಾಲಿಕುರ್ಚಿಯಲ್ಲಿ ಕೂತು ವಿವರಿಸಿದ. ಅಲ್ಲಿ ಮಾತಾಡಲು ಯಾರೂ ಇರುತ್ತಿರಲಿಲ್ಲವಾದ್ದರಿಂದ ತನ್ನ ಊಟದ ಡಬ್ಬಿಯ ಜೊತೆಗೇ ಮಾತಾಡುತ್ತಿದ್ದೆ ಎಂದೂ ಹೇಳಿದ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ, ತನ್ನ ತಟ್ಟೆಯನ್ನು ಎಡಗೈಯಲ್ಲಿ ಅವನತ್ತ ತಳ್ಳಿ, “ನಂಗೂ ಇನ್ನೊಂದು ಸೌಟು” ಎಂದಳು.

ಅವರೆಲ್ಲ ಹೊರಟ ಮೇಲೆ ಕ್ರೇನಪ್ಪ ಹಂಡೆಯ ತಳ ಉಜ್ಜಿ, ಕೈ ಒರೆಸಿಕೊಂಡು ಕೋಣೆಗೆ ಬಂದ. ಕುರ್ಚಿಗಳನ್ನು ಯಾರೂ ವಾಪಸು ಒಯ್ದಿರಲಿಲ್ಲ. ಬೆತ್ತದ್ದು, ಕಬ್ಬಿಣದ್ದು, ಗಾಲಿಯದು, ಸ್ಟೂಲು, ಎಲ್ಲ ಅಡ್ಡಾದಿಡ್ಡಿ ಒಂದಕ್ಕೊಂದು ಮುಖ ಮಾಡಿಕೊಂಡು ನಿಂತಿದ್ದವು. ಹೆಂಡತಿ ಆರಾಮಕುರ್ಚಿಯಲ್ಲಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆಹೋಗಿದ್ದಳು. ಅವಳಿಗೆ ಹೊದಿಸಲೆಂದು ಶಾಲು ತರಬೇಕಿತ್ತು, ದಾರಿಯೇ ಇರಲಿಲ್ಲ. ಅವನು ಯಾವ ಕುರ್ಚಿಯನ್ನೂ ಸರಿಸಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು, ಅವುಗಳ ನಡುವೆ ಅಡ್ಡಡ್ಡವಾಗಿ, ಸದ್ದಾಗದಂತೆ ನುಸುಳಿಕೊಂಡು ಹೋದ.