ಒಂದೇ ಇಲಿಯ ಮೂರು ತಟ್ಟೆ

ನನ್ನ ತಮ್ಮ ಬಡಗಿ. ಹಿಡಿದ ಹಟ ಬಿಡುವ ಜಾತಿಯಲ್ಲ. ಕರುಳಿನ ಗಡ್ಡೆ ತೆಗೆಸಿಕೊಂಡು ಗುಣವಾಗಿ ಬಂದವನು, ತನಗೆ ಮಕ್ಕಳೇ ಬೇಡ ಎಂದು ಕೂತುಬಿಟ್ಟ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಕರುಳಿನಲ್ಲೇ ತಾನಾಗಿ ಹುಟ್ಟಿದ ದೋಷ, ಮಕ್ಕಳಿಗೆ ಹೋಗುವುದಿಲ್ಲ ಎಂದು ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೊಟ್ಟಿಲಿಗೆಂದು ತಂದಿಟ್ಟಿದ್ದ ಮರದಲ್ಲಿ ಚಪ್ಪಲಿ ಸ್ಟ್ಯಾಂಡು ಮಾಡಿಟ್ಟ! ಅವನ ಹೆಂಡತಿ ಅತ್ತೂ ಅತ್ತೂ ಸುಮ್ಮನಾದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಒಂದೇ ಮೈ ಅಲ್ವೇನೇ ಅಕ್ಕಾ? ಹಲಗೆಗೆ ಒಂದು ಕಡೆ ಹುಳ ಬಿದ್ರೆ ಇನ್ನೊಂದು ಕಡೆ ಬಿಡುತ್ತಾ?”

“ಬಾ, ಕಣ್ಣಾರೆ ನೋಡುವೆಯಂತೆ,” ಎಂದು ನಮ್ಮ ಮೇಡಂ ಅಪ್ಪಣೆ ಪಡೆದು ಅವನನ್ನು ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋದೆ.

ಅಲ್ಲಿ ನನ್ನ ಕೆಲಸ ಚುಕ್ಕೆ ಎಣಿಸುವುದು. ಇಲಿಯ ಬೇರೆ ಬೇರೆ ಅಂಗಗಳಿಂದ ಒಂದೇ ವಂಶವಾಹಿಯನ್ನು ತೆಗೆದು, ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಟ್ಟೆಯಲ್ಲಿ ಬೆಳೆಸುತ್ತೇವೆ. ಅದರಲ್ಲಿ ತಾನಾಗಿ ತಪ್ಪು ನುಸುಳಿದ್ದರೆ ನೀಲಿ ಚುಕ್ಕೆ ಏಳುತ್ತದೆ. ಯಾವ ಅಂಗದ್ದೆಂದು ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡೀತೆಂದು ಹೆಸರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿರುತ್ತಾರೆ. ಎಣಿಸಿ ಮುಗಿದ ಮೂರು ತಟ್ಟೆ ಅವನ ಮುಂದಿಟ್ಟೆ. ಕರುಳು, ಲಿವರ್, ಬೀಜ, ಮೂರೂ ಒಂದೇ ಇಲಿಯವು. ಯಾವುದು ಯಾವುದೆಂದು ನನಗೂ ಗೊತ್ತಿರಲಿಲ್ಲ.

“ಬೀಜ ಅಂದ್ರೆ...” ಎಂದು ಅವನು ಕೆಂಪಾದ.

“ಅದೇ ಕಣೋ. ಯಾವುದು ಹೇಳು.”

ಅವನು ನೀಲಿ ಕಿಕ್ಕಿರಿದ ತಟ್ಟೆ ತೋರಿಸಿದ. ನಾನು ಪಟ್ಟಿ ಕಿತ್ತೆ. ಕರುಳು. ಮುಂದಿನದು ಲಿವರ್. ಹೆಚ್ಚುಕಡಿಮೆ ಖಾಲಿಯಿದ್ದ ಕೊನೆಯದರ ಪಟ್ಟಿಯನ್ನು ಅವನೇ ಕಿತ್ತ. ಬೀಜ.

“ಯಾಕೇ ಹೀಗೆ? ಒಂದೇ ಇಲಿ ಅಲ್ವಾ?”

“ಕರುಳಿನ ಪದರ ಸದಾ ಹೊಸದಾಗ್ತಾ ಇರುತ್ತೆ, ನಕಲು ಮಾಡೋವಾಗ ತಪ್ಪಾಗುತ್ತೆ. ಬೀಜದಲ್ಲೂ ನಕಲು ಜೋರೇ, ಆದ್ರೂ ತಪ್ಪು ಕಡಿಮೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಎಣಿಸ್ತಾ ಕೂತಿರೋದು.”

ಅವನು ತಟ್ಟೆಯನ್ನು ಬೆಳಕಿಗೆ ಹಿಡಿದ. “ಇಲ್ಲೂ ಒಂದು ನೀಲಿ ಇದೆಯಲ್ಲೇ.”

“ಅಷ್ಟು ಎಲ್ಲರಿಗೂ ಇರುತ್ತೆ. ಅಪ್ಪನಿಗೂ ಇತ್ತು, ನಿನ್ನ ನೋಡಿದ್ರೇ ಗೊತ್ತಾಗಲ್ವಾ?”

ಅವನು ನಗಲಿಲ್ಲ. ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಹೇಳು ಎಂದ. ಹೇಳಿದೆ. ಈ ಸಲ ಪೂರ್ತಿ ಕೇಳಿಸಿಕೊಂಡು, ಹೊರಗೆ ಹೋಗಿ ಹೆಂಡತಿಗೆ ಫೋನು ಹಚ್ಚಿದ.

“ಹಲೋ, ಆ ಚಪ್ಪಲಿಗಳನ್ನೆಲ್ಲ ಕೆಳಗಿಡೇ. ಸ್ಟ್ಯಾಂಡು ಬಿಚ್ಚಬೇಕು, ನಂಗೆ ಆ ಮರ ಬೇಕು.”